ಕಾಳಿಯನ್ನು ಬೇಡಿದವನು, ಪಿಟ್‌ಬುಲ್ ಕೊಳ್ಳುವವರು

ಕಾಳಗದಲ್ಲಿ ಚೆನ್ನಾಗಿ ಕಾದಿದ ಸೈನಿಕನೊಬ್ಬನಿಗೆ ಒಡೆಯ ಮೆಚ್ಚಿ, ಬೇಕಾದ್ದು ಬೇಡಿಕೋ ಅಂದ. ಹೊಲ ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಎಂಬ ಆ ಮನುಷ್ಯ ಕೇಳಿದ್ದು ಒಂದು ನಾಯಿಯನ್ನು. ನಾಯಿಯ ಹೆಸರು ಕಾಳಿ.

ಇದು ಕತೆಯಲ್ಲ, ಕಲ್ಲಿನಲ್ಲಿ ಕೊರೆದ ದಾಖಲೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನ. ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949-50. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಪಾರ್ಕಿಗೆ ನಾಯಿ ಕರೆದುಕೊಂಡು ಹೋಗುವವರು ವಾರವಾರವೂ ಅದರ ಪಕ್ಕದಲ್ಲೇ ಹಾದುಹೋಗ್ತಾರೆ. ಒಮ್ಮೆ ಒಳಗೆ ಹೋಗಿ ನೋಡಿ. ಬೇಟೆನಾಯಿಯೊಂದು ಕಾಡುಹಂದಿಯ ಮೇಲೆ ಎಗರಿದ ಚಿತ್ರ, ಸುತ್ತ ಹಳಗನ್ನಡದ ಬರಹ.

ನಮ್ಮ ಹಾವೇರಿ ಕಡೆಯವರಿಗೆ ಈ ಕಲ್ಲಿನ ಮೇಲೆ ಇನ್ನೊಂದು ಹಕ್ಕೂ ಇದೆ. ರಾಷ್ಟ್ರಕೂಟರ 3ನೇ ಕೃಷ್ಣ ತಕ್ಕೋಲಂನಲ್ಲಿ ಚೋಳರ ಮೇಲೆ ಯುದ್ಧ ಮಾಡಿದಾಗ ಗಂಗರ 2ನೇ ಬೂತುಗ ಅವನ ಜೊತೆಗಿದ್ದ. ಚೋಳ ರಾಜಾದಿತ್ಯನನ್ನು ಕೊಂದವನು ಈ ಬೂತುಗ. ಅದಕ್ಕೆ ಅವನಿಗೆ ಸಿಕ್ಕ ಉಡುಗೊರೆಯ ಪಟ್ಟಿಯೂ ಅದೇ ಶಾಸನದಲ್ಲಿದೆ: ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70. ಬನವಾಸಿ 12000 ಅಂದರೆ ಬರೀ ಬನವಾಸಿಯಲ್ಲ. ಹಾನಗಲ್ಲಿನ ಸುತ್ತಲಿನ ಪಾನುಂಗಲ್ 500 ಕೂಡ ಅದರೊಳಗೇ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರವೂ ಬನವಾಸಿ ನಾಡನ್ನು ಆಳಿದವರ ಊರು. ಒಟ್ಟಿನಲ್ಲಿ ಬೂತುಗನಿಗೆ ನಮ್ಮ ನಾಡು ಬಂತು, ಬೂತುಗನ ಆಳಾದ ಮಣಲೆರನಿಗೆ ನಾಯಿ ಬಂತು. ಇಬ್ಬರೂ ಖುಷಿಯಾಗಿಯೇ ಇದ್ದರು ಅನ್ನಿಸುತ್ತೆ. ಆಮೇಲೆ ಬೂತುಗ ಮಣಲೆರನಿಗೆ ಹಳ್ಳಿಗಳನ್ನೂ ಬಾಳ್ಗಚ್ಚಾಗಿ, ಅಂದರೆ ಕತ್ತಿ ತೊಳೆದ ಗೌರವಕ್ಕೆ ಕೊಡುವ ದತ್ತಿಯಾಗಿ, ಕೊಟ್ಟ. ಆದರೆ ಬಾಯಿಬಿಟ್ಟು ಬೇಡಿದ್ದು ಮಾತ್ರ ನಾಯಿಯನ್ನೇ.

ಕಾಳಿಯನ್ನು ಮಣಲೆರ ಏನು ಮಾಡಿದ? ಕೆಲಸಕ್ಕೆ ಹಚ್ಚಿದ. ಕೆಳಲೆನಾಡಿನ ಗುಡ್ಡದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟ. ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತವು. ಅವನು ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಕೆರೆ ಕೆಳಗಿನ ಜಮೀನು ದತ್ತಿ ಬಿಟ್ಟ. ಗುಡಿ ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು, ಉಂಡರೆ ಪಾಪ ತಗಲುತ್ತದೆ ಅಂತ ಬರೆಸಿದ.

ಸಾವಿರ ವರ್ಷದ ಹಿಂದಿನ ಈ ನಾಯಿಯನ್ನು ಈಗ ಯಾಕೆ ಎಬ್ಬಿಸಿದೆ ಅಂದರೆ, ನನ್ನ ವಯಸ್ಸಿನವರ ಮಾತುಕತೆಯಲ್ಲಿ ಈಚೆಗೆ ಒಂದು ಪ್ರಶ್ನೆ ಪದೇಪದೇ ಬರ್ತಿದೆ: "ಪಿಟ್‌ಬುಲ್ ತಗೋಬೇಕು ಅಂತಿದ್ದೀನಿ, ಹೆಂಗೆ?" ಕೇಳುವವರು ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಕೆಲಸದಲ್ಲಿರ್ತಾರೆ. ಅಪ್ಪ-ಅವ್ವ ಹಾನಗಲ್ಲಿನಲ್ಲೋ ಹಿರೇಕೆರೂರಿನಲ್ಲೋ ಇರ್ತಾರೆ. ಮರಿಯ ಫೋಟೋ ಆಗಲೇ ಫೋನಿನಲ್ಲಿರ್ತದೆ. ಮರಿ ಮುದ್ದಾಗೇ ಇರ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಣಲೆರನಿಗೆ ಗೊತ್ತಿದ್ದ ಒಂದು ವಿಷಯ ನಮಗೆ ಗೊತ್ತಿರಲ್ಲ. ತನಗೆ ನಾಯಿ ಯಾಕೆ ಬೇಕು, ಆ ನಾಯಿ ಯಾವ ಕೆಲಸಕ್ಕೆ ಹುಟ್ಟಿದ್ದು ಅಂತ ಅವನಿಗೆ ಗೊತ್ತಿತ್ತು.

ಹಾಗಾದರೆ ಪಿಟ್‌ಬುಲ್ ಯಾವ ಕೆಲಸಕ್ಕೆ ಹುಟ್ಟಿದ್ದು? ಉತ್ತರ ಹೆಸರಿನಲ್ಲೇ ಇದೆ. ಬುಲ್ ಅಂದರೆ ಹೋರಿ, ಪಿಟ್ ಅಂದರೆ ಗುಂಡಿ.

ಮೊದಲು ಹೋರಿಯ ಮಾತು. ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ಒಂದು ಆಟ ನಡೀತಿತ್ತು. ಹೋರಿಯನ್ನು ಗೂಟಕ್ಕೆ ಕಟ್ಟಿ, ಅದರ ಮೇಲೆ ನಾಯಿಗಳನ್ನು ಛೂ ಬಿಡುವುದು. ಹೋರಿಯ ಮೂಗು ಕಚ್ಚಿ ನೇತುಬೀಳುವ, ಒದ್ದರೂ ಎಸೆದರೂ ಹಿಡಿತ ಬಿಡದ ನಾಯಿ ಗೆದ್ದಂತೆ. ಹೀಗೆ ಬೆದರಿಸಿ ಕೊಂದ ಹೋರಿಯ ಮಾಂಸ ಮೆತ್ತಗಿರ್ತದೆ ಅನ್ನುವ ನಂಬಿಕೆಯೂ ಇತ್ತು. ಬುಲ್‌ಡಾಗ್ ಎಂಬ ಹೆಸರು ಬಂದದ್ದೇ ಅಲ್ಲಿಂದ. 1835ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯ್ದೆ ಮಾಡಿ ಈ ಆಟ ನಿಲ್ಲಿಸಿತು.

ಹೋರಿ ಆಟ ನಿಂತಿತು, ಜೂಜಿನ ಚಟ ನಿಲ್ಲಲಿಲ್ಲ. ಹೋರಿಯನ್ನು ಬಯಲಿನಲ್ಲಿ ಕಟ್ಟಿದರೆ ಪೊಲೀಸರಿಗೆ ಕಾಣ್ತದೆ, ನಾಯಿಗಳನ್ನು ನೆಲಮಾಳಿಗೆಯ ಗುಂಡಿಯಲ್ಲಿ ಬಿಟ್ಟರೆ ಕಾಣಲ್ಲ. ಬುಲ್‌ಡಾಗಿನ ಹಿಡಿತಕ್ಕೆ ಟೆರಿಯರಿನ ಚುರುಕು ಬೆರೆಸಿ ಹೊಸ ತಳಿ ತೆಗೆದರು. ಕೆಲಸ ಒಂದೇ, ಗುಂಡಿಗಿಳಿದು ಇನ್ನೊಂದು ನಾಯಿಯ ಜೊತೆ ಕಾದಾಡುವುದು. ವಲಸೆ ಹೋದವರ ಜೊತೆ ಈ ನಾಯಿಗಳು ಅಮೆರಿಕಕ್ಕೆ ಹೋದವು. 1898ರಲ್ಲಿ ಚಾನ್ಸಿ ಬೆನೆಟ್ ಎಂಬಾತ ಯುನೈಟೆಡ್ ಕೆನಲ್ ಕ್ಲಬ್ ಸ್ಥಾಪಿಸಿ, ಅಮೆರಿಕನ್ ಪಿಟ್‌ಬುಲ್ ಟೆರಿಯರ್ ಅಂತ ಮೊದಲು ನೋಂದಾಯಿಸಿದ್ದು ತನ್ನದೇ ನಾಯಿಯನ್ನು. ಇನ್ನೊಂದು ದೊಡ್ಡ ಸಂಸ್ಥೆಯಾದ ಅಮೆರಿಕನ್ ಕೆನಲ್ ಕ್ಲಬ್ಬಿಗೆ ಗುಂಡಿಯ ಹೆಸರು ಒಗ್ಗಲಿಲ್ಲ. 1936ರಲ್ಲಿ ಅದೇ ಮೂಲದ ನಾಯಿಗಳನ್ನು ಸ್ಟ್ಯಾಫರ್ಡ್‌ಶೈರ್ ಟೆರಿಯರ್ ಎಂಬ ಸಭ್ಯ ಹೆಸರಿನಲ್ಲಿ ಸೇರಿಸಿಕೊಂಡಿತು.

ಹಿರೇಕೆರೂರು, ಹಾನಗಲ್ಲು ಕಡೆಯವರಿಗೆ ಇದನ್ನು ಓದಿದ ಕೂಡಲೇ ತಮ್ಮೂರಿನ ಹೋರಿ ನೆನಪಾಗಿರ್ತದೆ. ದೀಪಾವಳಿ ಮುಗಿಯುತ್ತಿದ್ದಂತೆ ಶುರುವಾಗುವ ಹೋರಿ ಬೆದರಿಸುವ ಹಬ್ಬ, ಜೂಲಾ, ಬಲೂನು, ಕೊರಳ ತುಂಬ ಕೊಬ್ಬರಿ ಸರ. ನಮ್ಮಲ್ಲೂ ಹೋರಿಯೇ ಆಟದ ನಡುಮನೆ. ಆದರೆ ವ್ಯತ್ಯಾಸ ನೋಡಿ. ಅಲ್ಲಿ ಹೋರಿಯನ್ನು ಕಟ್ಟಿಹಾಕ್ತಿದ್ದರು, ಇಲ್ಲಿ ಓಡಲು ಬಿಡ್ತಾರೆ. ಅಲ್ಲಿ ಹೋರಿಗೆ ಎದುರಾಗುವುದು ನಾಯಿ, ಇಲ್ಲಿ ಮನುಷ್ಯನೇ. ಅಲ್ಲಿ ಹೋರಿ ಸತ್ತರೆ ಮಾಂಸ, ಇಲ್ಲಿ ಹೆಸರು ಮಾಡಿದ ಹೋರಿ ಸತ್ತರೆ ಮೆರವಣಿಗೆ ಮಾಡಿ ಮಣ್ಣು ಕೊಡ್ತಾರೆ. ನಮ್ಮದು ಹಿಂಸೆಯೇ ಇಲ್ಲದ ಆಟ ಅಂತೇನೂ ನಾನು ಹೇಳಲ್ಲ. ತಿವಿತಕ್ಕೆ ಸಿಕ್ಕು ಸತ್ತವರ ಸುದ್ದಿ ಹಾವೇರಿ ಪುಟದಲ್ಲಿ ಓದಿದ್ದೇವೆ. ಆದರೆ ನಮ್ಮ ಆಟದಿಂದ ಒಂದು ನಾಯಿ ತಳಿ ಹುಟ್ಟಲಿಲ್ಲ, ಅವರ ಆಟದಿಂದ ಹುಟ್ಟಿತು. ಈಗ ಆ ತಳಿಯ ಮರಿಯನ್ನು ತಂದು, ಕೊಬ್ಬರಿ ಹೋರಿ ಕಟ್ಟಿದ ಅದೇ ಹಿತ್ತಿಲಿನಲ್ಲಿ ಕಟ್ಟುವ ಯೋಚನೆ ಮಾಡ್ತಿದ್ದೇವೆ. ಹೋರಿಯ ಮೂಗಿಗೇ ಬಾಯಿ ಹಾಕಲು ಬೆಳೆಸಿದ ನಾಯಿಯ ಮೊಮ್ಮಗ, ಲಕ್ಷಗಟ್ಟಲೆ ಬೆಲೆಬಾಳುವ ಹೋರಿಯ ಪಕ್ಕದಲ್ಲಿ!

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಮೂಲ ಹಿಂಗಿದೆ ಅಂದಮಾತ್ರಕ್ಕೆ ಮನೆಯಲ್ಲಿರುವ ಮರಿ ರಾಕ್ಷಸ ಅಂತಲ್ಲ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ 18 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಲೀಕರನ್ನು ಕೇಳಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿ ಓದಿ ಹೇಳಿದ್ದು ಇಷ್ಟು: ನಾಯಿಯಿಂದ ನಾಯಿಗೆ ಸ್ವಭಾವ ಬದಲಾಗುವುದರಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ. ತಳಿ ನೋಡಿ ಸ್ವಭಾವ ಹೇಳುವುದು ಜಾತಿ ನೋಡಿ ಗುಣ ಹೇಳಿದಷ್ಟೇ ಸರಿ ಅನ್ನೋಣ. 2007ರಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕಲ್ ವಿಕ್ ನಾಯಿಕಾಳಗದ ಪ್ರಕರಣದಲ್ಲಿ ಸಿಕ್ಕಿಬಿದ್ದಾಗ ಅವನ ಜಾಗದಿಂದ ಸುಮಾರು 50 ಪಿಟ್‌ಬುಲ್ ಜಪ್ತಿಯಾದವು. ಅಲ್ಲಿಯವರೆಗೆ ಇಂಥ ನಾಯಿಗಳನ್ನು ಒಟ್ಟಿಗೆ ಕೊಲ್ಲುವುದೇ ವಾಡಿಕೆಯಾಗಿತ್ತು. ಈ ಸಲ ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದರು. ಬಹುಪಾಲು ನಾಯಿಗಳು ಬದುಕಿದವು. ಎಷ್ಟೋ ನಾಯಿಗಳಿಗೆ ಮನೆಗಳು ಸಿಕ್ಕವು.

ತಳಿಯನ್ನು ಬೆಳೆಸಿದ ಯುನೈಟೆಡ್ ಕೆನಲ್ ಕ್ಲಬ್ಬಿನ ವಿವರಣೆ ಓದಿದರೆ ನಿಮಗೆ ಇನ್ನೂ ಆಶ್ಚರ್ಯ. ಇದು ಕಾವಲಿಗೆ ಅಷ್ಟೇನೂ ಒಳ್ಳೆಯ ನಾಯಿಯಲ್ಲ ಅಂತ ಅವರೇ ಹೇಳ್ತಾರೆ. ಯಾಕೆಂದರೆ ಅಪರಿಚಿತರ ಜೊತೆಗೂ ಸ್ನೇಹವಾಗಿರ್ತದೆ. ಮನುಷ್ಯರ ಮೇಲೆ ಎರಗುವುದು ಈ ತಳಿಯ ಗುಣವಲ್ಲ, ಆದರೆ ಬೇರೆ ನಾಯಿಗಳ ಮೇಲೆ ಸ್ವಲ್ಪಮಟ್ಟಿಗಾದರೂ ಸಿಟ್ಟು ಬಹುತೇಕ ಇದ್ದೇ ಇರ್ತದೆ ಅಂತಲೂ ಹೇಳ್ತಾರೆ. ಗುಂಡಿಯ ಚರಿತ್ರೆ ಗೊತ್ತಿದ್ದರೆ ಇದು ಅರ್ಥವಾಗ್ತದೆ. ಕಾದಾಡುವ ನಾಯಿಗಳನ್ನು ಬಿಡಿಸಲು ಗುಂಡಿಗೆ ಇಳಿಯುವವನು ಮನುಷ್ಯ. ಆ ಕೈಯನ್ನೇ ಕಚ್ಚುವ ನಾಯಿ ಯಾರಿಗೂ ಬೇಡವಾಗಿತ್ತು.

ಹಾಗಂತ ಶೇ 9ರ ಲೆಕ್ಕ ಹಿಡಿದು ಕಣ್ಣುಮುಚ್ಚಿ ಮರಿ ತರುವುದೂ ಸರಿಯಲ್ಲ. ಸ್ವಭಾವದ ಲೆಕ್ಕ ಬೇರೆ, ಹಿಡಿತದ ಲೆಕ್ಕ ಬೇರೆ. ಕಚ್ಚುವ ನಾಯಿ ಎಲ್ಲ ತಳಿಯಲ್ಲೂ ಇದೆ. ಪಾಮೇರಿಯನ್ ಕಚ್ಚಿದರೆ ಇಂಜೆಕ್ಷನ್ ತಗೊಂಡು ಮನೆಗೆ ಬರ್ತೀರಿ. 25 ಕಿಲೋ ಗಟ್ಟಿ ಮಾಂಸಖಂಡದ, ಹಿಡಿದರೆ ಬಿಡಬಾರದು ಅಂತಲೇ ನೂರಾರು ವರ್ಷ ಆರಿಸಿ ಬೆಳೆಸಿದ ನಾಯಿ ಕಚ್ಚಿದರೆ ಕತೆ ಬೇರೆ. ಅದು ಕಚ್ಚುವ ಸಾಧ್ಯತೆ ಎಷ್ಟು ಅನ್ನುವುದರ ಜೊತೆಗೆ, ಕಚ್ಚಿದ ದಿನ ಬಿಡಿಸುವವರು ಮನೆಯಲ್ಲಿ ಯಾರಿದ್ದಾರೆ ಅನ್ನುವುದನ್ನೂ ಕೇಳಬೇಕು.

2022ರ ಜುಲೈನಲ್ಲಿ ಲಖನೌದಲ್ಲಿ 82 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರು ಮನೆಯ ಪಿಟ್‌ಬುಲ್ ದಾಳಿಗೆ ಸಿಕ್ಕು ತೀರಿಕೊಂಡರು. ನಾಯಿ ಸಾಕಿದ್ದು ಮಗ. ಆ ಹೊತ್ತಿನಲ್ಲಿ ಮಗ ಮನೆಯಲ್ಲಿರಲಿಲ್ಲ. ಆ ಸುದ್ದಿಯ ನಂತರ ದೇಶದಲ್ಲಿ ಪಿಟ್‌ಬುಲ್ ಬಗ್ಗೆ ಭಯ ಹಬ್ಬಿತು. ಅದೇ ವರ್ಷ ಅಕ್ಟೋಬರಿನಲ್ಲಿ ಗಾಜಿಯಾಬಾದ್ ನಗರಪಾಲಿಕೆ ಪಿಟ್‌ಬುಲ್, ರಾಟ್‌ವೀಲರ್, ಡೋಗೊ ಅರ್ಜೆಂಟಿನೊ ಈ ಮೂರು ತಳಿಗಳನ್ನು ಹೊಸದಾಗಿ ಸಾಕುವುದಕ್ಕೆ ತಡೆ ಹಾಕಿತು. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಎಲ್ಲ ರಾಜ್ಯಗಳಿಗೂ ಸುತ್ತೋಲೆ ಕಳಿಸಿತು: ಪಿಟ್‌ಬುಲ್ ಸೇರಿ 23 ತಳಿಗಳ ಆಮದು, ಮರಿ ಹಾಕಿಸುವುದು, ಮಾರಾಟ ನಿಲ್ಲಿಸಿ, ಈಗಾಗಲೇ ಇರುವ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ.

ನಮ್ಮ ರಾಜ್ಯದಲ್ಲಿ ಆ ಸುತ್ತೋಲೆ ಒಂದು ತಿಂಗಳೂ ಬಾಳಲಿಲ್ಲ. ಬೆಂಗಳೂರಿನ ನಾಯಿ ಸಾಕುವವರು ಹೈಕೋರ್ಟಿಗೆ ಹೋದರು. ವಾರದೊಳಗೆ ತಡೆ ಸಿಕ್ಕಿತು. ಏಪ್ರಿಲ್ 10ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಸುತ್ತೋಲೆಯನ್ನೇ ರದ್ದು ಮಾಡಿದರು. ಸಂಬಂಧಪಟ್ಟವರ ಮಾತು ಕೇಳದೆ, ಕಾನೂನಿನ ಕ್ರಮ ಅನುಸರಿಸದೆ ಬರೀ ಸುತ್ತೋಲೆಯಲ್ಲಿ ನಿಷೇಧ ಹಾಕಲಾಗದು ಅನ್ನುವುದು ತೀರ್ಪಿನ ಸಾರ. ಸರಿಯಾದ ಕ್ರಮದಲ್ಲಿ ಹೊಸ ನಿಯಮ ತರಲು ಸರ್ಕಾರಕ್ಕೆ ಬಾಗಿಲು ತೆರೆದೇ ಇಟ್ಟರು. ಅಂದರೆ ಕೋರ್ಟು ಪಿಟ್‌ಬುಲ್ ಒಳ್ಳೆಯ ನಾಯಿ ಅಂತ ಸರ್ಟಿಫಿಕೇಟ್ ಕೊಟ್ಟಿಲ್ಲ, ನಿಷೇಧಿಸುವ ದಾರಿ ಸರಿಯಿಲ್ಲ ಅಂದಿದೆ ಅಷ್ಟೆ. ಮರಿ ಮಾರುವವರು ಈ ಎರಡನ್ನೂ ಕಲಸಿ ಹೇಳ್ತಾರೆ, ಹುಷಾರು.

ಬ್ರಿಟನ್ನಿನದು ಇನ್ನೊಂದು ಪಾಠ. ಅಲ್ಲಿ 1991ರಲ್ಲೇ ಅಪಾಯಕಾರಿ ನಾಯಿಗಳ ಕಾಯ್ದೆ ತಂದು ಪಿಟ್‌ಬುಲ್ ಟೆರಿಯರನ್ನು ನಿಷೇಧಿಸಿದರು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಎಕ್ಸ್‌ಎಲ್ ಬುಲ್ಲಿ ಅನ್ನುವ, ಅದಕ್ಕಿಂತ ದೊಡ್ಡ ಗಾತ್ರದ ನಾಯಿ ಬೀದಿಗೆ ಬಂದಿತ್ತು. 2023ರ ಕೊನೆಗೆ ಅದನ್ನೂ ಪಟ್ಟಿಗೆ ಸೇರಿಸಬೇಕಾಯಿತು. ಒಂದು ಹೆಸರು ನಿಷೇಧಿಸಿದರೆ ಇನ್ನೊಂದು ಹೆಸರು ಹುಟ್ತದೆ. ಹೋರಿ ನಿಂತಾಗ ಗುಂಡಿ ತೋಡಿದ ಹಾಗೆ. ನಾಯಿಗೆ ಕಾನೂನು ಮಾಡಬಹುದು, ನಾಯಿ ಹಿಡಿದವನ ಗತ್ತಿಗೆ ಕಾನೂನು ಮಾಡುವುದು ಕಷ್ಟ.

ಈಗ ಮಣಲೆರನ ಪ್ರಶ್ನೆಗೆ ವಾಪಸ್ ಬರೋಣ. ನಿಮ್ಮ ಬಳಿ ಈ ನಾಯಿಗೆ ಕೊಡಲು ಕೆಲಸ ಏನಿದೆ?

ಕಾಳಿಯ ಕೆಲಸ ಈಗ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಅನುಮತಿಯಿಲ್ಲದೆ ಕಾಡುಹಂದಿಯ ಮೇಲೆ ನಾಯಿ ಬಿಡುವಂತಿಲ್ಲ. ಹಾನಗಲ್ಲಿನ ಗೋವಿನಜೋಳದ ಹೊಲಕ್ಕೆ ಹಂದಿ ನುಗ್ಗಿದರೂ ಅಷ್ಟೆ. ಪಿಟ್‌ಬುಲ್ಲಿನ ಹುಟ್ಟುಕೆಲಸ ಅದಕ್ಕೂ ಮೊದಲೇ ಅಪರಾಧವಾಗಿತ್ತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದನ್ನು ತಡೆಯುತ್ತದೆ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10ರಿಂದ 50 ರೂಪಾಯಿ ಅನ್ನುವುದು ಬೇರೆ ನಗೆಪಾಟಲು. ಆದರೂ ಅಪರಾಧ ಅಪರಾಧವೇ. ಗತ್ತಿಗಾಗಿ ನಾಯಿಯ ಕಿವಿ ಕತ್ತರಿಸುವುದೂ ಅದೇ ಕಾಯ್ದೆಯ ಪ್ರಕಾರ ಹಿಂಸೆ. ಹಾಗಾಗಿ ಪಿಟ್‌ಬುಲ್ ಅಂದರೆ ಕೆಲಸ ಕಳೆದುಕೊಂಡ ನಾಯಿ. ಮೈಯಲ್ಲಿ ಕಸುವಿದೆ, ಅನುಭವವಿದೆ, ಉದ್ಯೋಗ ಮಾತ್ರ ಇಲ್ಲ. ಐಟಿಯಲ್ಲಿ ಲೇಆಫ್ ಕಂಡವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಖಾಲಿ ಕೂತ ಕಸುವು ಎಲ್ಲಾದರೂ ದಾರಿ ಹುಡುಕ್ತದೆ, ಸೋಫಾ ಹರಿಯುವುದರಿಂದ ಶುರುವಾಗಿ.

ಹೊಸ ಉದ್ಯೋಗ ಸಿಕ್ಕ ನಾಯಿಯೂ ಇದೆ, ನಮ್ಮ ಪಕ್ಕದಲ್ಲೇ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ. ಘೋರ್ಪಡೆ ರಾಜರ ಆಸರೆಯಲ್ಲಿ ಬೆಳೆದದ್ದು. ದೃಷ್ಟಿಯಿಂದಲೇ ಬೇಟೆ ಹಿಡಿಯುವ, ಬಾಣದ ಹಾಗೆ ಓಡುವ ತೆಳ್ಳನೆಯ ನಾಯಿ. ಬೇಟೆ ನಿಂತಮೇಲೆ ಅದಕ್ಕೂ ಇದೇ ಗತಿ ಬರಬಹುದಿತ್ತು. ಆದರೆ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಬಂತು, 2005ರಲ್ಲಿ ಅಂಚೆಚೀಟಿ ಬಂತು, 2016ರಲ್ಲಿ ಸೇನೆ ತನ್ನ ಮೀರತ್ ಕೇಂದ್ರಕ್ಕೆ ಮರಿಗಳನ್ನು ಕರೆಸಿಕೊಂಡಿತು. ಹಾಗಂತ ಪಿಟ್‌ಬುಲ್ ಬದಲು ಮುಧೋಳ ನಾಯಿ ತಗೊಳ್ಳಿ ಅಂತ ನಾನು ಹೇಳ್ತಿಲ್ಲ. ಅದಕ್ಕೂ ಓಡಲು ಬಯಲು ಬೇಕು. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅದೂ ಕೈದಿಯೇ.

ಕುರಿಹಟ್ಟಿಯ ನಾಯಿಯದು ಮತ್ತೊಂದು ದಾರಿ. ಕುರುಬರ ಜೊತೆ ಊರೂರು ತಿರುಗುವ, ತಳಿಯ ಹೆಸರೇ ಇಲ್ಲದ ಆ ನಾಯಿಗೆ ದಿನವಿಡೀ ಡ್ಯೂಟಿ, ರಾತ್ರಿಯೆಲ್ಲ ಪಾಳಿ. ಅದರ ಘನತೆ ಎಷ್ಟಿದೆ ನೋಡಬೇಕೆಂದರೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ಹೋಗಿ. ಮೈಲಾರಲಿಂಗನ ವಗ್ಗಯ್ಯಗಳು ದೇವರ ನಾಯಿಗಳಾಗಿ ಬೊಗಳಿ, ದೋಣಿಯಲ್ಲಿಟ್ಟ ಹಾಲು-ಬಾಳೆಹಣ್ಣಿಗೆ ಬಾಯಿ ಹಾಕ್ತಾರೆ. ಆತಕೂರಿನ ಶಾಸನದಲ್ಲಿ ನಾಯಿಯ ಕಲ್ಲಿಗೆ ಪೂಜೆ ಮಾಡಬೇಕಾದವನು ಗೊರವ, ಇವತ್ತು ಮೈಲಾರನ ಒಕ್ಕಲಿನವರೂ ಗೊರವರೇ. ನಾಯಿ ಅಂದರೆ ಬೈಗುಳ ಅಂದುಕೊಂಡ ನಾಡಿನಲ್ಲೇ ನಾಯಿಯಾಗುವುದು ಭಕ್ತಿಯೂ ಹೌದು. ಎರಡೂ ಕಡೆ ಗೌರವ ಸಿಕ್ಕಿದ್ದು ನಾಯಿಯ ದುಡಿಮೆಗೆ. ಕಿವಿ ಕತ್ತರಿಸಿದ ಅಂದಕ್ಕಲ್ಲ.

ಈಗ ಲೆಕ್ಕ ಹಾಕಿ. ಪಿಟ್‌ಬುಲ್ ಬದುಕುವುದು 12 ವರ್ಷ, ಇನ್ನೂ ಒಂದೆರಡು ವರ್ಷ ಜಾಸ್ತಿಯೂ ಆಗಬಹುದು. ಬೆಂಗಳೂರಿನಲ್ಲಿ ಬಾಡಿಗೆ ಕರಾರು 11 ತಿಂಗಳದ್ದು. 12 ವರ್ಷ ಅಂದರೆ 13 ಕರಾರು. ಹದಿಮೂರು ಸಲ ಒಬ್ಬ ಓನರಿನ ಮುಂದೆ ಕೂತು "ಸರ್, ನಮ್ಮ ಹತ್ರ ಒಂದು ಪಿಟ್‌ಬುಲ್ ಇದೆ" ಅಂತ ಹೇಳಬೇಕು. ನಡುವೆ ಮದುವೆ, ಮಗು, ಆನ್‌ಸೈಟ್. ಮಗು ಅಂಬೆಗಾಲಿಡುವ ಹೊತ್ತಿಗೆ ನಾಯಿಗೆ ಆರೋ ಏಳೋ ವರ್ಷ, ತುಂಬು ಪ್ರಾಯ.

ಈ ಲೆಕ್ಕ ಎಲ್ಲಿ ತಪ್ಪಿದರೂ ಉತ್ತರ ಒಂದೇ: ಊರಿಗೆ ಕಳಿಸೋದು. "ಅಲ್ಲಿ ಜಾಗ ಇದೆಯಲ್ಲ, ಆರಾಮಾಗಿರ್ತದೆ." ಇದನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇವೆ! ಆದರೆ ಊರು ಹೇಗಿದೆ ಅಂತ ನೋಡೋಣ. ಸವಣೂರಿನ ನವಾಬರ ಕಾಲದ ಓಣಿಗಳಲ್ಲಿ ಈ ನಾಯಿಯನ್ನು ಸಂಜೆ ತಿರುಗಾಡಿಸುವವರು ಯಾರು? ಓಣಿಗೆ ನಾಲ್ಕು ಬೀದಿನಾಯಿ ಇರ್ತವೆ, ಹೊಸ ನಾಯಿ ಕಂಡರೆ ಸುತ್ತುಗಟ್ಟುತ್ತವೆ. ಬೇರೆ ನಾಯಿ ಕಂಡರೆ ರಕ್ತ ಬಿಸಿಯಾಗುವ ತಳಿಯ ಹಗ್ಗ 65 ವರ್ಷದ ನಿಮ್ಮಪ್ಪನ ಕೈಯಲ್ಲಿರ್ತದೆ. ಶಿಗ್ಗಾವಿಯ ಹಳ್ಳಿಯಲ್ಲಿ ತೋಟದ ಮನೆ ಅಂದುಕೊಳ್ಳಿ. ಪಕ್ಕದ ಹೊಲದಲ್ಲಿ ಕುರಿ ತರುಬಿರ್ತಾರೆ, ಒಂದು ರಾತ್ರಿ ಸರಪಳಿ ಬಿಚ್ಚಿಕೊಂಡರೆ ಬೆಳಗ್ಗೆ ಎಷ್ಟು ಕುರಿಗೆ ದುಡ್ಡು ಕಟ್ತೀರಿ? ತಾಲ್ಲೂಕಿನ ಪಶು ಆಸ್ಪತ್ರೆಯ ಡಾಕ್ಟರಿಗೆ ದನ, ಎಮ್ಮೆ, ಕುರಿ ನೋಡುವುದರಲ್ಲೇ ಹೊತ್ತು ಹೋಗ್ತದೆ. ಪಿಟ್‌ಬುಲ್ಲಿಗೆ ಬರುವ ಚರ್ಮದ ಅಲರ್ಜಿ, ಸೊಂಟದ ನೋವಿಗೆ ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗಬೇಕು. ಯಾರು ಕರೆದುಕೊಂಡು ಹೋಗ್ತಾರೆ? ಬಸ್ಸಿನಲ್ಲಿ?

ಕೊನೆಗೆ ಆಗುವುದೇ ಬೇರೆ. ನಾಯಿಯನ್ನು ಹಿತ್ತಿಲಿನಲ್ಲಿ ಕಟ್ತಾರೆ. ಹೆದರಿಕೆಗೆ ಯಾರೂ ಹತ್ತಿರ ಹೋಗಲ್ಲ. ಅನ್ನದ ತಾಟನ್ನು ಕಟ್ಟಿಗೆಯಿಂದ ದೂಡ್ತಾರೆ. ಜನರನ್ನು ಕಂಡರೆ ಬಾಲ ಅಲ್ಲಾಡಿಸುವ ಸ್ವಭಾವದ ನಾಯಿ ಎರಡು ವರ್ಷ ಸರಪಳಿಯ ಉದ್ದದಲ್ಲೇ ತಿರುಗಿ ತಿರುಗಿ, ನೀವು ಹೆದರುತ್ತಿದ್ದ ನಾಯಿಯೇ ಆಗಿಬಿಡ್ತದೆ. ಆಗ ಅದರ ಹತ್ತಿರ ಹೋಗಲೇಬೇಕಾದವರು ಒಬ್ಬರೇ. ಅನ್ನ ಹಾಕುವ ಅವ್ವ.

ಕಾನೂನೂ ಇದೆ ಅನ್ನಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ 6 ತಿಂಗಳವರೆಗೆ ಜೈಲು, 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಾಯಿ ಕೊಂಡವರು ನೀವಾದರೂ ಆ ಹೊತ್ತಿಗೆ ನಾಯಿ ಇರುವುದು ನಿಮ್ಮಪ್ಪನ ಸುಪರ್ದಿಯಲ್ಲಿ. ಸ್ಟೇಷನ್ನಿನಿಂದ ಮೊದಲ ಫೋನು ಯಾರಿಗೆ ಹೋಗ್ತದೆ ಯೋಚಿಸಿ.

ಹಾಗಾದರೆ ಯಾರೂ ಪಿಟ್‌ಬುಲ್ ಸಾಕಲೇಬಾರದಾ? ಸಾಕಬಹುದು. ಸ್ವಂತ ಮನೆ, ಎತ್ತರದ ಕಾಂಪೌಂಡು, ದಿನಕ್ಕೆ ಎರಡು ಸಲ ಬೆವರು ಹರಿಯುವಷ್ಟು ಓಡಾಡಿಸುವ ಪುರುಸೊತ್ತು ಇರುವವರು. ಮರಿ ಮೂರರಿಂದ ಹದಿನಾಲ್ಕು ವಾರದ್ದಿರುವಾಗಲೇ ಜನ, ಮಕ್ಕಳು, ಗಾಡಿ, ಬೇರೆ ನಾಯಿ, ಪಟಾಕಿ ಸದ್ದು ಎಲ್ಲಕ್ಕೂ ಪರಿಚಯ ಮಾಡಿಸುವವರು. ಮರಿಯ ಅಪ್ಪ-ಅಮ್ಮ ನಾಯಿಗಳನ್ನು ಕಣ್ಣಾರೆ ನೋಡಿ, ಮುಟ್ಟಿ ಮಾತಾಡಿಸಿ ಆಮೇಲೆ ತರುವವರು. ಸಂತಾನಹರಣ ಚಿಕಿತ್ಸೆ ಮಾಡಿಸುವವರು. ಹೊರಗೆ ಹೋಗುವಾಗ ಗಟ್ಟಿ ಹಗ್ಗ, ಬಾಯಿಕುಕ್ಕೆ ಹಾಕಲು ನಾಚದವರು. ಮೊದಲೊಂದು ನಾಯಿಯನ್ನು ಮರಿಯಿಂದ ಮುಪ್ಪಿನವರೆಗೆ ಸಾಕಿದ ಅನುಭವ ಇದ್ದರೆ ಇನ್ನೂ ಒಳ್ಳೆಯದು. ಇಂಥವರು ಇದ್ದಾರೆ, ಅವರ ಮನೆಯ ನಾಯಿಗಳು ಚೆನ್ನಾಗಿಯೂ ಇವೆ. ಆದರೆ ಅವರ್‍ಯಾರೂ ರೀಲ್ಸ್ ನೋಡಿ ನಾಯಿ ತಂದವರಲ್ಲ.

ಉಳಿದ ನಮ್ಮಂಥವರಿಗೆ ಓಣಿಯಲ್ಲೇ ನಾಯಿಗಳಿವೆ. ನಮ್ಮ ಬಿಸಿಲು, ನಮ್ಮ ಊಟ, ನಮ್ಮ ರಸ್ತೆಯ ಟ್ರಾಫಿಕ್ಕು ಎಲ್ಲ ಗೊತ್ತಿರುವ ದೇಸಿ ಮರಿ. ಅದಕ್ಕೂ ಲಸಿಕೆ ಬೇಕು, ತರಬೇತಿ ಬೇಕು, ಹನ್ನೆರಡು ವರ್ಷದ ಲೆಕ್ಕ ಅದಕ್ಕೂ ಅನ್ವಯಿಸ್ತದೆ. ಆದರೆ ನೀವು ತಪ್ಪಿ ಊರಿಗೆ ಕಳಿಸಿದರೂ ಅದು ಊರಿನ ನಾಯಿಯಾಗಿಯೇ ಬದುಕ್ತದೆ. ಯಾರಿಗೂ ಹೊರೆಯಾಗಲ್ಲ.

ಇಷ್ಟರ ಮೇಲೂ ಪಿಟ್‌ಬುಲ್ಲೇ ಬೇಕು ಅನ್ನಿಸಿದರೆ, ಅಡ್ವಾನ್ಸ್ ಕಳಿಸುವ ಮೊದಲು ಊರಿಗೊಂದು ಫೋನ್ ಮಾಡಿ. "ಯವ್ವಾ, ಒಂದು ನಾಯಿ ತರಬೇಕು ಅಂತ ಮಾಡೇನಿ. ನನ್ನ ಕೈಲೆ ಆಗ್ಲಿಲ್ಲಂದ್ರ ನೀ ನೋಡ್ಕೊಂತಿ?" ಅಂತ ಕೇಳಿ. ಫೋಟೋ ಕಳಿಸಿ, ತೂಕ ಹೇಳಿ, ಎಷ್ಟು ವರ್ಷ ಬದುಕ್ತದೆ ಅಂತಲೂ ಹೇಳಿ. ಆಕೆ ಏನಂತಾಳೋ ಅದರ ಪ್ರಕಾರ ಮಾಡಿ.